ಹತ್ತು ಬಾಕ್ಸ್ ಟೊಮೆಟೊಗೆ ಸರಿಯಾದ ಬೆಲೆ ಎಲ್ಲಿ?

ಪ್ರಶ್ನೆ: ನಮ್ಮದು ಕೋಲಾರದ ಕಡೆ ಅರ್ಧ ಎಕರೆ. ಟೊಮೆಟೊ, ಬೀನ್ಸ್ ಬೆಳೀತೇವೆ. ಒಂದು ಸಲಕ್ಕೆ ಹತ್ತು ಬಾಕ್ಸ್ ಸಿಕ್ಕರೆ ಜಾಸ್ತಿ. ಮಂಡಿಯಲ್ಲಿ ನೂರಕ್ಕೆ ಹತ್ತು ರೂಪಾಯಿ ಕಮಿಷನ್ ಹಿಡಿದು, ಬಿಳಿ ಚೀಟಿ ಬರೆದು ಕೊಡುತ್ತಾರೆ. ಗಾಡಿ ಬಾಡಿಗೆ ಕಳೆದರೆ ಕೈಗೆ ಏನೂ ಉಳಿಯಲ್ಲ. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಮೊದಲು, ಅಧಿಕೃತವಲ್ಲದ ಆ ಬಿಳಿ ಚೀಟಿಗೆ ಒಪ್ಪಿಕೊಂಡು ಸುಮ್ಮನಾಗಬೇಡಿ. ನಮ್ಮ ರಾಜ್ಯದ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಕಾಯ್ದೆ ಪ್ರಕಾರ ರೈತರಿಂದ ಕಮಿಷನ್ ಹಿಡಿಯುವ ಹಾಗೇ ಇಲ್ಲ, ಅದನ್ನು ಕೊಡಬೇಕಾದವರು ಖರೀದಿದಾರರು. ತೂಕ, ದರ, ಕಡಿತ ಎಲ್ಲಾ ಇರುವ ಅಧಿಕೃತ ಬಿಲ್ ಕೇಳಿ, ಕೊಡದಿದ್ದರೆ ಆ ಚೀಟಿಯನ್ನೇ ಜೋಪಾನವಾಗಿಟ್ಟುಕೊಂಡು ಎಪಿಎಂಸಿ ಕಾರ್ಯದರ್ಶಿಗೆ ಲಿಖಿತ ದೂರು ಕೊಡಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ.

ಬಾಡಿಗೆಗೂ ಅದೇ ಮದ್ದು. ಅಕ್ಕಪಕ್ಕದ ಐದಾರು ಮನೆಯವರು ಒಂದೇ ದಿನ ಕಿತ್ತು, ಒಂದೇ ಗಾಡಿಗೆ ಹಾಕಿ. ಹಣ್ಣಾದದ್ದು, ದೋರುಗಾಯಿ ಬೇರೆ ಬೇರೆ ಬಾಕ್ಸಿಗೆ ತುಂಬಿ. ಮೇಲೆ ಚೆನ್ನಾಗಿರೋದು ಕೆಳಗೆ ಸಣ್ಣದು ಹಾಕಿದರೆ ಹರಾಜಿನಲ್ಲಿ ಎಲ್ಲಕ್ಕೂ ಸಣ್ಣದರ ರೇಟೇ ಬರುತ್ತದೆ, ಅಲ್ವಾ?

1959ರಲ್ಲಿ ಶುರುವಾದ, ಹಣ್ಣು ತರಕಾರಿ ಬೆಳೆಗಾರರ ಸಹಕಾರ ಸಂಘವಾದ ಹಾಪ್‌ಕಾಮ್ಸ್, ಸದಸ್ಯ ರೈತರಿಂದ ನೇರವಾಗಿ ತರಕಾರಿ ಕೊಳ್ಳುತ್ತದೆ. ಪಹಣಿ ತೆಗೆದುಕೊಂಡು ಹೋಗಿ ಸದಸ್ಯತ್ವ ವಿಚಾರಿಸಿ. ಹತ್ತು ಜನ ಬೆಳೆಗಾರರಿದ್ದರೆ ಬೆಳೆಗಾರರೇ ಮಾಲೀಕರಾಗಿರುವ ರೈತ ಉತ್ಪಾದಕ ಕಂಪನಿಯನ್ನೇ ನೋಂದಾಯಿಸಬಹುದು. ಆದರೆ ಅವಸರ ಬೇಡ. ಒಂದು ಬೆಳೆ ಒಟ್ಟಿಗೆ ಮಾರಿ ನೋಡಿ, ಆಮೇಲೆ ಕಾಗದಪತ್ರ.