80,000 ರೂಪಾಯಿಯಲ್ಲಿ ಮೊದಲ ಡಬಲ್ ಬೇಸ್: ಪ್ಲೈವುಡ್ ತಗೊಳ್ಳಲಾ, ಕೆತ್ತಿದ್ದು ತಗೊಳ್ಳಲಾ?

ನೀವು ಕೇಳಿದ್ದು ಇಷ್ಟು. ಮಣಿಪಾಲದಲ್ಲಿ ಓದುತ್ತಿದ್ದೀರಿ, ಬೇಸ್ ಗಿಟಾರ್ ಚೆನ್ನಾಗಿ ಬರುತ್ತದೆ, ಈಗ ಜಾಝ್‌ಗೆ ಅಂತ ನಿಂತು ನುಡಿಸುವ ಡಬಲ್ ಬೇಸ್, ಅಂದರೆ ವಯಲಿನ್ ಆಕಾರದ ಆಳೆತ್ತರದ ತಂತಿವಾದ್ಯ, ಬೇಕು. ಕೈಯಲ್ಲಿ 80,000 ರೂಪಾಯಿ ಇದೆ. ಗೋವಾದಲ್ಲಿ ಹಳೆಯದೊಂದು, ಪೂರ್ತಿ ಗಟ್ಟಿ ಮರದಲ್ಲಿ ಕೆತ್ತಿದ್ದು, 75,000ಕ್ಕೆ ಸಿಗುತ್ತಿದೆ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಪ್ಲೈವುಡ್ ಬೇಸ್ 50,000ಕ್ಕೆ ಇದೆ. ಯಾವುದು?

ಬೆಂಗಳೂರಿನದ್ದು. ಅದನ್ನೂ ನೋಡಿ, ತಟ್ಟಿ, ನುಡಿಸಿ ಸರಿ ಅನಿಸಿದರೆ ಮಾತ್ರ. ಉಳಿಯುವ 30,000ಕ್ಕೆ ಈಗಲೇ ಕೈ ಹಾಕಬೇಡಿ, ಅದಕ್ಕೆ ಕೆಲಸ ಇದೆ.

ನಾನು ಮಂಗಳೂರಿನಲ್ಲಿ ಚರ್ಚ್ ಕ್ವಾಯರ್ ಜೊತೆಗೂ ಮದುವೆ, ರೋಸ್‌ಗಳ (ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ) ಬ್ಯಾಂಡ್ ಜೊತೆಗೂ ಇದೇ ವಾದ್ಯ ನುಡಿಸುವವನು. ಕೆತ್ತಿದ ಬೇಸಿನ ದನಿ ಎಂಥದ್ದು ಅಂತ ಚೆನ್ನಾಗಿ ಗೊತ್ತು. ಬೋ (ಕಮಾನು) ಹಿಡಿದು ಎಳೆದರೆ ಅದರ ಎದುರು ಪ್ಲೈವುಡ್ ನಿಲ್ಲುವುದಿಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಕರಾವಳಿಯ ಗಾಳಿಗೆ, ಹಾಸ್ಟೆಲ್ ರೂಮಿಗೆ, ರಿಪೇರಿಗೆ ದುಡ್ಡಿಲ್ಲದ ವಿದ್ಯಾರ್ಥಿಗೆ ಅದು ಸರಿಯಾದ ಮೊದಲ ವಾದ್ಯ ಅಲ್ಲ.

ಮಳೆಗಾಲದಲ್ಲಿ ಮದ್ದಳೆಯ ಚರ್ಮ ಏನಾಗುತ್ತದೆ ಅಂತ ಉಡುಪಿ ಕಡೆಯವರಿಗೆ ಹೇಳಬೇಕಾಗಿಲ್ಲ, ಅಲ್ವಾ? ಬೇಸಿನಲ್ಲಿ ಅದೇ ಕಥೆ ಮರಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂದಿನ ಹಲಗೆ ತೇವ ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ. ಹಲಗೆ ಉಬ್ಬಿದಾಗ ತಂತಿಗಳನ್ನು ಹೊತ್ತು ನಿಂತ ಬ್ರಿಡ್ಜ್ ಮೇಲೇಳುತ್ತದೆ, ಅದರ ಜೊತೆ ತಂತಿಗಳೂ ಮೇಲೇಳುತ್ತವೆ. ನಿನ್ನೆ ಸಲೀಸಾಗಿ ಒತ್ತಿದ ಸ್ವರಕ್ಕೆ ಇವತ್ತು ಬೆರಳು ನೋಯುತ್ತದೆ. ಆಮೇಲೆ ಅದೇ ವಾದ್ಯವನ್ನು ಎಸಿ ಇರುವ ಹಾಲ್‌ನಲ್ಲಿ ಇಟ್ಟರೆ ಮರ ಕುಗ್ಗುತ್ತದೆ. ಹೀಗೆ ಹಿಗ್ಗಿ ಕುಗ್ಗಿ ಅಂಟು ಬಿಡುತ್ತದೆ. ಈ ವಾದ್ಯಗಳಿಗೆ ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟನ್ನು ಬೇಕೆಂತಲೇ ಹಾಕುತ್ತಾರೆ. ಮರ ಸೀಳುವ ಮೊದಲು ಜೋಡಣೆ ಬಿಟ್ಟುಕೊಳ್ಳಲಿ, ಮತ್ತೆ ಅಂಟಿಸಬಹುದು ಅಂತ. ಆದರೆ ಮತ್ತೆ ಅಂಟಿಸಲು ಗೊತ್ತಿರುವ ಕೈ ಬೇಕು. ವಯಲಿನ್ ಸರಿ ಮಾಡುವವರು ನಮ್ಮಲ್ಲಿ ಸಿಗುತ್ತಾರೆ, ಡಬಲ್ ಬೇಸಿನ ಹಲಗೆ ಬಿಚ್ಚಿ ಕೂಡಿಸುವವರು ಸಿಗುವುದು ಕಷ್ಟ. ಹಳೆಯ ಕೆತ್ತಿದ ಬೇಸಿನಲ್ಲಿ ಸೌಂಡ್‌ಪೋಸ್ಟ್ (ಒಳಗೆ ಹಲಗೆಗೆ ಆಸರೆಯಾಗಿ ನಿಲ್ಲುವ ಕೋಲು) ಇರುವ ಜಾಗದಲ್ಲೇ ಬಿರುಕು ಬಿಟ್ಟಿದ್ದರೆ ರಿಪೇರಿ ಖರ್ಚು ವಾದ್ಯದ ಬೆಲೆಗೆ ಸಮ ಆಗಿಬಿಡಬಹುದು. 75,000 ಕೊಟ್ಟ ಮೇಲೆ ನಿಮ್ಮ ಹತ್ತಿರ ಉಳಿಯುವುದು 5,000.

ಪ್ಲೈವುಡ್‌ನಲ್ಲಿ ಪದರಗಳು ಒಂದಕ್ಕೊಂದು ಅಡ್ಡಡ್ಡ ಇರುವುದರಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಹಿಗ್ಗುವುದು ಕಡಿಮೆ, ಸೀಳುವುದು ಅಪರೂಪ. ಇದು ಸುಮ್ನೆ ಅಗ್ಗದ ಮಾಲು ಅಂದುಕೊಳ್ಳಬೇಡಿ. ಅಮೆರಿಕದ ಕೇ ಕಂಪನಿ 1930ರ ದಶಕದ ಕೊನೆಯಿಂದಲೇ ಪ್ಲೈವುಡ್ ಬೇಸ್ ಮಾಡಿ ಮಾರಿತು. ಶಾಲೆಗಳಲ್ಲಿ, ಡಾನ್ಸ್ ಬ್ಯಾಂಡ್‌ಗಳಲ್ಲಿ, ಜಾಝ್‌ನಲ್ಲಿ ಅವು ದುಡಿದಿವೆ, ಈಗಲೂ ಜನ ಹುಡುಕಿಕೊಂಡು ಹೋಗಿ ತಗೊಳ್ಳುತ್ತಾರೆ. ನಿಮಗೆ ಬೇಕಿರುವುದು ಬೆರಳಲ್ಲಿ ಮೀಟುವ ದನಿ. ಅದಕ್ಕೆ ಒಳ್ಳೆಯ ಪ್ಲೈವುಡ್ ಧಾರಾಳ ಸಾಕು.

ಈಗ ಮುಖ್ಯ ವಿಷಯ, ನೋಡುವುದು ಹೇಗೆ. ಮೊಬೈಲ್ ಟಾರ್ಚ್, ಸಣ್ಣ ಸ್ಕೇಲ್, ಒಂದು ವಿಸಿಟಿಂಗ್ ಕಾರ್ಡ್ ತಗೊಂಡು ಹೋಗಿ.

ಮೊದಲು ಬೆರಳ ಗೆಣ್ಣಿನಿಂದ ಅಂಚಿನ ಸುತ್ತ ತಟ್ಟುತ್ತಾ ಬನ್ನಿ, ಮುಂದೂ ಹಿಂದೂ. ಜೋಡಣೆ ಗಟ್ಟಿ ಇದ್ದಲ್ಲಿ ದನಿ ಬಿಗಿಯಾಗಿ ಬರುತ್ತದೆ. ಬಿಟ್ಟುಹೋದಲ್ಲಿ ಪಟಪಟ ಅನ್ನುತ್ತದೆ, ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಸಣ್ಣ ಬಿರುಕಿಗೆ ಹೆದರಬೇಡಿ, ಬೆಲೆ ಇಳಿಸಿ. ನಂತರ ಎಫ್ ಆಕಾರದ ತೂತಿನಿಂದ ಟಾರ್ಚ್ ಬಿಟ್ಟು ಒಳಗೆ ನೋಡಿ. ಜಿ ತಂತಿಯ ಕಡೆ, ಬ್ರಿಡ್ಜಿನ ಕಾಲಿನ ಸ್ವಲ್ಪ ಕೆಳಗೆ, ಒಂದು ಕೋಲು ನೆಟ್ಟಗೆ ನಿಂತಿರಬೇಕು. ಅದೇ ಸೌಂಡ್‌ಪೋಸ್ಟ್. ಅದಕ್ಕೆ ಅಂಟು ಇರುವುದಿಲ್ಲ, ತಂತಿಗಳ ಒತ್ತಡದಲ್ಲೇ ನಿಂತಿರುತ್ತದೆ. ವಾಲಿದ್ದರೆ, ಬಿದ್ದಿದ್ದರೆ ಅದು ಸೆಟಪ್ ಕೆಲಸ, ವಾದ್ಯ ಕೆಟ್ಟಿದೆ ಅಂತಲ್ಲ. ಅದರ ಸುತ್ತ ಹಲಗೆ ಕುಸಿದಿದ್ದರೆ ಮಾತ್ರ ಬೇಡ.

ನೆಕ್, ಅಂದರೆ ವಾದ್ಯದ ಕತ್ತು, ಮೈಗೆ ಸೇರುವ ಜಾಗ ತುಂಬಾ ಮುಖ್ಯ. ನಾಲ್ಕು ಉಕ್ಕಿನ ತಂತಿಗಳು ಸೇರಿ 100 ಕಿಲೋಗಿಂತ ಜಾಸ್ತಿ ಎಳೆಯುತ್ತವೆ, ಅದನ್ನೆಲ್ಲ ತಡೆಯುವುದು ಆ ಜೋಡಣೆ. ಅಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ ಉಗುರು ಆಡಿಸಿ ನೋಡಿ. ಬಿಟ್ಟಿದೆ ಅಂತಾದರೆ ನಮಸ್ಕಾರ ಹೇಳಿ ಬನ್ನಿ. ಬ್ರಿಡ್ಜ್ ಬದಲಾಯಿಸಬಹುದು, ತಂತಿ ಬದಲಾಯಿಸಬಹುದು, ಈ ಬೆಲೆಯ ವಾದ್ಯಕ್ಕೆ ನೆಕ್ ಕೂರಿಸುವ ಖರ್ಚು ಗಿಟ್ಟುವುದು ಕಷ್ಟ.

ತಂತಿ ಒತ್ತುವ ಪಟ್ಟಿ, ಅಂದರೆ ಫಿಂಗರ್‌ಬೋರ್ಡ್, ಎಬೊನಿ (ಗಟ್ಟಿ ಕರಿಮರ) ಆಗಿದ್ದರೆ ಒಳ್ಳೆಯದು. ಅಗ್ಗದವುಗಳಲ್ಲಿ ಬಿಳಿ ಮರಕ್ಕೆ ಕಪ್ಪು ಬಳಿದಿರುತ್ತಾರೆ. ತಂತಿ ಉಜ್ಜಿದ ಜಾಗದಲ್ಲಿ ಬಿಳಿ ಇಣುಕಿದರೆ ಅದೇ. ಗೀರು ಬೀಳುವುದು ಬೇಗ, ಆದರೂ ಮೊದಲ ಬೇಸ್‌ಗೆ ನಡೆಯುತ್ತದೆ. ಸ್ಕೇಲ್ ಹಿಡಿದು ಫಿಂಗರ್‌ಬೋರ್ಡಿನ ತುದಿಯಲ್ಲಿ ತಂತಿಯ ಎತ್ತರ ಅಳೆಯಿರಿ. ಜಿ 5-6 ಮಿ.ಮೀ., ಇ 8-9 ಮಿ.ಮೀ. ಇದ್ದರೆ ಮೀಟಲು ಹದ. ಮೇಲಿನ ನಟ್ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ ತಂತಿಯ ಅಡಿಯಲ್ಲಿ ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಜಾಗ ಸಾಕು. ಬೇಸ್ ಗಿಟಾರ್‌ನಿಂದ ಬರುವವರು ಇಲ್ಲೇ ಸುಸ್ತಾಗುತ್ತಾರೆ. ಶ್ರುತಿ ಅದೇ ಇ, ಎ, ಡಿ, ಜಿ. ಆದರೆ ತಂತಿಯ ಉದ್ದ 86 ಸೆಂ.ಮೀ. ಬದಲು ಸುಮಾರು 105. ಅದರ ಮೇಲೆ ತಂತಿಯೂ ಎತ್ತರ ಇದ್ದರೆ ಕೈ ಸೋತು ಕಲಿಕೆಯೇ ನಿಲ್ಲುತ್ತದೆ.

ಆ 30,000 ಇದಕ್ಕೇ ಮಾರಾಯ್ರೇ. ಬ್ರಿಡ್ಜಿನ ಕಾಲುಗಳಿಗೆ ತಿರುಗಿಸುವ ಚಕ್ರ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಮಳೆಗಾಲಕ್ಕೆ ಬ್ರಿಡ್ಜ್ ಇಳಿಸಿ, ಬೇಸಿಗೆಗೆ ಏರಿಸಿ, ನೀವೇ ಮಾಡಿಕೊಳ್ಳಬಹುದು. ನಮ್ಮ ಊರಿನಲ್ಲಿ ಇದಕ್ಕಿಂತ ಉಪಯೋಗದ ವಸ್ತು ಇನ್ನೊಂದಿಲ್ಲ. ಸೌಂಡ್‌ಪೋಸ್ಟ್, ನಟ್ ಕೆಲಸ ಬೆಂಗಳೂರಿನಲ್ಲೇ ಮುಗಿಸಿಕೊಂಡು ಬನ್ನಿ. ಒಳ್ಳೆಯ ಉಕ್ಕಿನ ತಂತಿಯ ಸೆಟ್ 10,000 ದಾಟುತ್ತದೆ, ಆದರೆ ಒಮ್ಮೆ ಹಾಕಿದರೆ ವರ್ಷಗಟ್ಟಲೆ ಬರುತ್ತದೆ. ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ದನಿ ಜೋರು ಮಾಡುವ ಪಿಕಪ್, ಆಂಪ್ ಎಲ್ಲ ಆಮೇಲೆ. ಬೋ ಒಂದು ಸಾಧಾರಣದ್ದಾದರೂ ಇರಲಿ, ಸ್ವರ ಸರಿ ಕೂತಿದೆಯಾ ಅಂತ ಬೋ ಎಳೆದಾಗಲೇ ಗೊತ್ತಾಗುವುದು.

ಸೈಜ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 3/4 ಅಂದರೆ ಮಕ್ಕಳದ್ದಲ್ಲ, ದೊಡ್ಡವರು ಹೆಚ್ಚಾಗಿ ನುಡಿಸುವುದು ಅದನ್ನೇ.

ಹೊಸದು ನೋಡಿದರೆ ಆಗದಾ ಅಂತ ನೀವು ಕೊನೆಗೆ ಕೇಳಿದ್ದೀರಿ. ಸ್ಟೆಂಟರ್, ಶೆನ್ ತರಹದ ನಂಬಬಹುದಾದ ಹೆಸರುಗಳು ನಮ್ಮ ದೇಶಕ್ಕೆ ಬಂದು ಇಳಿಯುವಾಗ ಲಕ್ಷ ದಾಟುವುದೇ ಜಾಸ್ತಿ. ಅದಕ್ಕಿಂತ ತೀರಾ ಕಡಿಮೆಗೆ ಆನ್‌ಲೈನ್‌ನಲ್ಲಿ ಹೆಸರಿಲ್ಲದ್ದು ಸಿಕ್ಕರೆ, ನೋಡದೆ ತರಿಸಬೇಡಿ. ನೆಕ್ ಹೇಗೆ ಕೂತಿದೆ ಅಂತ ಫೋಟೋದಲ್ಲಿ ತಿಳಿಯುವುದಿಲ್ಲ.

ತರುವುದಕ್ಕೆ ಓಮ್ನಿ ಅಥವಾ ಈಕೋ ಬಾಡಿಗೆಗೆ ಹಿಡಿಯಿರಿ. ಸೀಟು ಮಡಚಿ, ಆರಡಿಯ ಬೇಸ್ ಮಲಗುತ್ತದೆಯಾ ಅಂತ ಮೊದಲೇ ನೋಡಿಕೊಳ್ಳಿ. ಪಕ್ಕಕ್ಕೆ ಮಲಗಿಸಿ, ಬ್ರಿಡ್ಜಿನ ಮೇಲೆ ಭಾರ ಬೀಳಬಾರದು, ಅಡಿಯಲ್ಲಿ ಹಾಸಿಗೆ ಹಾಕಿ. ತಂತಿ ಸ್ವಲ್ಪ ಸಡಿಲ ಮಾಡಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಸೌಂಡ್‌ಪೋಸ್ಟ್ ಬೀಳಬಹುದು, ಅದು ಬೇಡ. ಸಕಲೇಶಪುರದಲ್ಲಿ ಊಟಕ್ಕೆ ಇಳಿದರೆ ಗಾಡಿಯನ್ನು ನೆರಳಲ್ಲೇ ನಿಲ್ಲಿಸಿ, ಬಿಸಿಲಲ್ಲಿ ಕಾದ ಗಾಡಿಯೊಳಗೆ ಅಂಟು ಮೆತ್ತಗಾಗುತ್ತದೆ. ನೋಡಲು ಹೋದ ದಿನ ನೆಕ್ ಜೋಡಣೆಯದ್ದು, ಎಫ್ ತೂತಿನ ಒಳಗಿನದ್ದು, ಪಕ್ಕದಿಂದ ಬ್ರಿಡ್ಜಿನದ್ದು ಫೋಟೋ ತೆಗೆದು ಇಲ್ಲಿ ಹಾಕಿ. ದುಡ್ಡು ಕೊಡುವ ಮೊದಲೇ ಹಾಕಿ, ನೋಡಿ ಹೇಳುತ್ತೇನೆ.