ಸಾಲದ ಪಟ್ಟಿ ಬರೆದು ತನ್ನಿ ಎಂದೆ

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಆಕೆಗೆ 52 ವರ್ಷ. ಗಲ್ಫಿನಲ್ಲಿ 11 ವರ್ಷ ನರ್ಸ್ ಆಗಿ ದುಡಿದು, ಅಮ್ಮನಿಗೊಂದು ಸ್ವಂತ ಮನೆ ಆಗಲಿ ಎಂದು ತಿಂಗಳು ತಿಂಗಳು ಅಣ್ಣನಿಗೆ ಹಣ ಕಳಿಸಿದವರು. ಮನೆಯೇನೋ ಆಯಿತು, ಅಣ್ಣನ ಹೆಸರಿಗೆ. ಆಮೇಲೆ ಅದನ್ನು ಮಾರಿಯೂ ಬಿಟ್ಟ. ಅಮ್ಮ ತೀರಿಕೊಂಡದ್ದು ಬಾಡಿಗೆ ಕೋಣೆಯಲ್ಲಿ. ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ. ಈಗ ಅಣ್ಣನಿಗೆ ಪಾರ್ಶ್ವವಾಯು. ಒಂದು ಸಲವೂ 'ತಪ್ಪಾಯಿತು' ಎಂದವನಲ್ಲ. ಅವನ ಮಗಳು ಫೋನ್ ಮಾಡಿ, "ಅತ್ತೆ, ಆಸ್ಪತ್ರೆಯಲ್ಲಿ ಅಪ್ಪನ ಹತ್ತಿರ ಕೂರೋರಿಲ್ಲ" ಎಂದಿದ್ದಳು.

"ಆರಾಧನೆಯಲ್ಲಿ, ಯೇಸು ಕಲಿಸಿದ ಪ್ರಾರ್ಥನೆಯ 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ' ಅನ್ನೋ ಸಾಲು ಬಂದ ಕೂಡಲೇ ನನ್ನ ಬಾಯಿ ಕಟ್ಟಿಹೋಗುತ್ತೆ. ಪಕ್ಕದವರಿಗೆ ಗೊತ್ತಾಗಬಾರದು ಅಂತ ತುಟಿ ಮಾತ್ರ ಆಡಿಸ್ತೇನೆ" ಎಂದರು. ಚರ್ಚಿನ ಸಭೆಯವರು ಆಕೆಗೆ ಹೇಳಿದ್ದು ಒಂದೇ ಮಾತು: ಹೋಗಲಿ ಬಿಡಿ, ದುಡ್ಡು ತಾನೇ.

ಈ ಮಾತು ಎಷ್ಟು ಜನರನ್ನು ನೋಯಿಸಿದೆಯೋ! ಬೈಬಲಿನ ಮತ್ತಾಯ 18ನೇ ಅಧ್ಯಾಯವನ್ನು ಇಬ್ಬರೂ ಕೂತು ಓದಿದೆವು. ಅಲ್ಲಿ ಯೇಸು ಹೇಳುವ ಕಥೆಯಲ್ಲಿ ಅರಸನು ಒಬ್ಬ ಆಳಿನ ಸಾಲವನ್ನೆಲ್ಲ ಮನ್ನಾ ಮಾಡುತ್ತಾನೆ; ಆ ಆಳೋ ತನಗೆ ಸಾಲ ಕೊಡಬೇಕಿದ್ದ ಜೊತೆ ಆಳನ್ನು ಬಿಡುವುದಿಲ್ಲ. ಜೊತೆ ಆಳು ಕೊಡಬೇಕಿದ್ದದ್ದು ನೂರು ದಿನಾರಿ. ಒಂದು ದಿನಾರಿ ಎಂದರೆ ಒಂದು ದಿನದ ಕೂಲಿ. ಮೂರು ತಿಂಗಳಿಗೂ ಹೆಚ್ಚಿನ ಬೆವರು ಅದು. ಯೇಸು ಅದನ್ನು ಪುಡಿಗಾಸು ಅನ್ನಲಿಲ್ಲ. ಅರಸನು ಬಿಟ್ಟುಕೊಟ್ಟ ಹತ್ತು ಸಾವಿರ ತಲಾಂತು ಸುಮಾರು ಆರು ಕೋಟಿ ದಿನಗಳ ಕೂಲಿ, ಯಾವ ಜನ್ಮದಲ್ಲೂ ತೀರದ್ದು. ದೇವರು ನಮಗೆ ಬಿಟ್ಟುಕೊಟ್ಟದ್ದು ಅಂಥ ಸಾಲ. ನಮ್ಮ ಕ್ಷಮೆಯ ಬೇರು ಅಲ್ಲಿದೆ, ಎದುರಿನವನ ಯೋಗ್ಯತೆಯಲ್ಲಿ ಅಲ್ಲ. ಆದರೆ ಈ ಲೆಕ್ಕ ತೋರಿಸಿ ಆಕೆಯನ್ನು ಅವಸರಪಡಿಸಲು ನನಗೆ ಮನಸ್ಸಾಗಲಿಲ್ಲ. ಎಷ್ಟು ಸಾಲ ಎಂದು ಗೊತ್ತಿಲ್ಲದೆ ಯಾವುದನ್ನು ಮನ್ನಾ ಮಾಡುವುದು? "ಅಣ್ಣ ನಿಮಗೆ ಕೊಡಬೇಕಾದ್ದನ್ನೆಲ್ಲ ಬರೆದು ತನ್ನಿ" ಎಂದೆ.

ಮುಂದಿನ ವಾರ ಶಾಲೆಯ ನೋಟ್‌ಬುಕ್ಕಿನ ಎರಡು ಹಾಳೆ ತಂದರು. ಮೊದಲನೆಯದರ ತುಂಬ ರೂಪಾಯಿಗಳು. ಎರಡನೆಯದರಲ್ಲಿ ಅಂಕಿಯೇ ಇರಲಿಲ್ಲ: 'ಅಮ್ಮನ ಕೊನೆಯ ಕ್ರಿಸ್ಮಸ್', 'ಅಮ್ಮ ನೆಟ್ಟ ಮಲ್ಲಿಗೆ ಬಳ್ಳಿ'. ಅದನ್ನು ಓದುವಾಗ ಅತ್ತರು. ನಾನು ಸುಮ್ಮನೆ ಕೂತಿದ್ದೆ.

"ಕ್ಷಮಿಸಿದರೆ ಕೇಸು ವಾಪಸ್ ತಗೋಬೇಕಾ?" ಎಂದು ಕೇಳಿದರು. ಹಾಗೇನಿಲ್ಲ ಎಂದೆ. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ಗ್ಲಾಡಿಸ್ ಸ್ಟೇನ್ಸ್, ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ವಿಚಾರಣೆ ನಡೆದೇ ನಡೆಯಿತು, 2003ರಲ್ಲಿ ಶಿಕ್ಷೆಯೂ ಆಯಿತು. ಸೇಡು ಬಿಡುವುದು ನಿಮ್ಮ ಕೈಲಿದೆ, ಇವತ್ತೇ ಆಗಬಹುದು. ಅಣ್ಣನ ಮೇಲೆ ಮತ್ತೆ ನಂಬಿಕೆ ಹುಟ್ಟುವುದಕ್ಕೆ ಅವನೂ ಬದಲಾಗಬೇಕು. ಸಹಾಯ ಮಾಡುವುದಾದರೆ ಹಣವನ್ನು ಆಸ್ಪತ್ರೆಗೇ ಕಟ್ಟಿ, ಅವನ ಕೈಗೆ ಕೊಡಬೇಡಿ. ಹೋಗಲು ಮನಸ್ಸಾದರೆ ಅರ್ಧ ಗಂಟೆ ಹೋಗಿ ಬನ್ನಿ, ಕ್ಷಮೆಯ ಮಾತೇ ಎತ್ತಬೇಡಿ ಎಂದೆ.

ಹೋದರು. ಗಂಜಿ ಕುಡಿಸಿದರು. ಎರಡು ಚಮಚ ಕುಡಿದ ಅಣ್ಣ ತೊದಲುತ್ತ ಹೇಳಿದ್ದು, "ಉಪ್ಪು ಕಡಿಮೆ". ಬೇರೇನೂ ಹೇಳಲಿಲ್ಲ. ಆಕೆ ಎದ್ದು ಹೋಗಿ ಉಪ್ಪು ತಂದರಂತೆ.

ಹಾಳೆಗಳನ್ನು ಇನ್ನೂ ಹರಿದಿಲ್ಲ. ಬೈಬಲಿನೊಳಗೆ ಮಡಚಿಟ್ಟಿದ್ದಾರೆ. ಕಳೆದ ಭಾನುವಾರ ಪ್ರಾರ್ಥನೆಯ ಆ ಸಾಲಿನಲ್ಲಿ 'ತಪ್ಪು ಮಾಡಿದವರನ್ನು' ಎಂಬಲ್ಲಿಯವರೆಗೆ ದನಿ ಬಂತಂತೆ.