ಕಣ್ಣಿನ ಪಾಠ ನಿಮಗೆ ಭೌತಶಾಸ್ತ್ರ, ನಮಗೆ ಜೀವಶಾಸ್ತ್ರ

"ನೀನು ಕೇರಳದವನಲ್ವಾ, ಜೀವಶಾಸ್ತ್ರವನ್ನು ಕನ್ನಡದಲ್ಲಿ ಯಾಕೆ ಬರೆದಿದ್ದೀಯ? ಅದೂ ದಿನಾ ಪಾಠ ಮುಗಿದ ಮೇಲೆ ಕೂತು? ಒಂದು ಗೈಡ್ ತಗೊಂಡಿದ್ದರೆ ಆಗುತ್ತಿತ್ತಲ್ಲ." ನನ್ನ ಹೈಸ್ಕೂಲಿನ ನೋಟ್ಸ್ ತಿರುವಿ ಹಾಕುತ್ತಾ ನೀನು ಕೇಳಿದ್ದು ಇಷ್ಟೇ. ಕೇಳಿದ ಧಾಟಿ ಮಾತ್ರ ಸ್ವಲ್ಪ ಚುಚ್ಚಿತು ಮಾರಾಯ.

ಕನ್ನಡ ಯಾಕೆ ಅನ್ನುವುದಕ್ಕೆ ಉತ್ತರ ಸಣ್ಣದು. 1956ರ ನವೆಂಬರ್ 1ರಂದು ಕೇರಳ ಹುಟ್ಟಿತು. ಅಲ್ಲಿಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು ಅದರೊಳಗೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕದ ಕಡೆಗೆ ಸೇರಬೇಕು ಎಂದು 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗ ಹೇಳಿತು. ಹೇಳಿದ್ದು ವರದಿಯಲ್ಲೇ ಉಳಿಯಿತು. ಗಡಿ ನಮ್ಮ ಅಂಗಳ ದಾಟಿ ಆಚೆ ಹೋಯಿತೇ ಹೊರತು ನಾವು ಎಲ್ಲಿಗೂ ಹೋದವರಲ್ಲ. ಹಾಗಾಗಿ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಇವತ್ತಿಗೂ ಕನ್ನಡ ಮಾಧ್ಯಮ ಇದೆ. ಎಷ್ಟೋ ಶಾಲೆಗಳಲ್ಲಿ ಒಂದು ಕೋಣೆ ಮಲಯಾಳಂ ಡಿವಿಷನ್, ಪಕ್ಕದ್ದು ಕನ್ನಡ ಡಿವಿಷನ್. ಪಠ್ಯಕ್ರಮ ಕೇರಳದ್ದು, ಪುಸ್ತಕ ಕನ್ನಡದಲ್ಲಿ. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲೇ ಬರುತ್ತದೆ. ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳಂ, ಬರೆಯುವುದು ಕನ್ನಡ. ನಮಗೆ ಇದರಲ್ಲಿ ವಿಶೇಷ ಏನೂ ಇಲ್ಲ.

ಗೈಡ್ ವಿಷಯಕ್ಕೆ ಬರೋಣ. ನಮ್ಮ ತಲೆನೋವೆಲ್ಲ ಇರುವುದು ಅಲ್ಲೇ.

ಮಂಗಳೂರಿಗೆ ಹೋದರೆ ಹತ್ತನೇ ತರಗತಿಯ ಕನ್ನಡ ಗೈಡ್ ರಾಶಿ ರಾಶಿ ಸಿಗುತ್ತದೆ. ಆದರೆ ಅದು ನಿಮ್ಮ ಕರ್ನಾಟಕದ ಪಾಠದ್ದು. ನಿಮಗೆ ವಿಜ್ಞಾನ ಒಂದೇ ಪುಸ್ತಕ, ಒಂದೇ ಪರೀಕ್ಷೆ. ನಮಗೆ ಜೀವಶಾಸ್ತ್ರ ಬೇರೆ ಪುಸ್ತಕ, ಬೇರೆ ಪರೀಕ್ಷೆ, ಬೇರೆ ಗ್ರೇಡ್. ನೀವು ಹತ್ತರಲ್ಲಿ ಓದುವ ಹೃದಯ, ಶ್ವಾಸಕೋಶ, ಮೂತ್ರಪಿಂಡ ಎಲ್ಲ ನಮಗೆ ಒಂಬತ್ತರಲ್ಲೇ ಮುಗಿದಿರುತ್ತದೆ. ನಮ್ಮ ಹತ್ತರಲ್ಲಿ ರೋಗನಿರೋಧಕ ಶಕ್ತಿಯ ಬಗ್ಗೆ ದೊಡ್ಡ ಪಾಠವೇ ಇತ್ತು. ಬಿಳಿ ರಕ್ತಕಣ ರೋಗಾಣುವನ್ನು ಹೇಗೆ ನುಂಗುತ್ತದೆ, ಅದರದೇ ಒಂದು ಬಗೆಯಾದ ಟಿ ಲಿಂಫೋಸೈಟ್ ಎಲ್ಲಿ ಬಲಿಯುತ್ತದೆ ಅಂತೆಲ್ಲ. ನಿಮ್ಮ ಗೈಡಿನಲ್ಲಿ ಹುಡುಕಿ ಹುಡುಕಿ ಸಾಕಾಯಿತು. ಕಣ್ಣಿನ ಪಾಠವಂತೂ ತಮಾಷೆ. ನಿಮ್ಮಲ್ಲಿ ಅದು ಭೌತಶಾಸ್ತ್ರದ ಭಾಗ. ಮಸೂರ, ಸಂಗಮದೂರ, ಸಮೀಪದೃಷ್ಟಿ. ನಮಗೆ ಬೇಕಾದದ್ದು ಕಣ್ಣಿನ ಒಳಪದರ ರೆಟಿನಾದಲ್ಲಿ ಬೆಳಕು ಹಿಡಿಯುವ ರಾಡ್ ಕೋಶ, ಕೋನ್ ಕೋಶ. ವಿಟಮಿನ್ ಎ ಕಡಿಮೆಯಾದರೆ ರಾಡ್ ಕೋಶದ ಬಣ್ಣದ ವಸ್ತು ರೊಡಾಪ್ಸಿನ್ ಸಾಕಷ್ಟು ತಯಾರಾಗುವುದಿಲ್ಲ, ಅದಕ್ಕೇ ಮಬ್ಬು ಬೆಳಕಿನಲ್ಲಿ ಕಣ್ಣು ಕಾಣುವುದಿಲ್ಲ. ಅದು ಇರುಳುಗುರುಡು. ಇದನ್ನು ಮಸೂರದ ಸೂತ್ರದಲ್ಲಿ ಎಲ್ಲಿ ಹುಡುಕಲಿ ಹೇಳು.

ಸರಿ, ಕೇರಳದ ಗೈಡ್ ತಗೊಳ್ಳೋಣ ಅಂದರೆ ಅದು ಮಲಯಾಳಂ, ಇಲ್ಲಾ ಇಂಗ್ಲಿಷ್. ಯೂಟ್ಯೂಬ್‌ನಲ್ಲಿ ನಮ್ಮ ಪಾಠ ಹುಡುಕಿದರೆ ಬರುವುದು ಹೆಚ್ಚಾಗಿ ಮಲಯಾಳಂ. ಕನ್ನಡದಲ್ಲಿ ಹುಡುಕಿದರೆ ಮತ್ತೆ ನಿಮ್ಮದೇ ಪಾಠ. ಪಾಠ ಹೊಂದಿದರೆ ಭಾಷೆ ಹೊಂದುವುದಿಲ್ಲ, ಭಾಷೆ ಹೊಂದಿದರೆ ಪಾಠ ಹೊಂದುವುದಿಲ್ಲ.

ಇದರ ಮೇಲೆ ಇನ್ನೊಂದು. ಒಂಬತ್ತನೇ ತರಗತಿಯ ನಡುವೆ ನಮ್ಮ ಜೀವಶಾಸ್ತ್ರ ಟೀಚರ್‌ಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದ ಸರ್‌ಗೆ ಕನ್ನಡದ ಒಂದಕ್ಷರ ಗೊತ್ತಿಲ್ಲ. ಪಾಪ, ಅವರನ್ನು ಬೈದು ಪ್ರಯೋಜನವಿಲ್ಲ, ಕಳುಹಿಸಿದವರನ್ನು ಕೇಳಬೇಕು. ಅಪ್ಪ ಅಮ್ಮಂದಿರು ಮನವಿ ಕೊಟ್ಟರು. ಉತ್ತರ ಬರುವಾಗ ವರ್ಷ ಮುಗಿದಿತ್ತು. ಸರ್ ಒಳ್ಳೆಯವರೇ. ಬೋರ್ಡಿನ ಮೇಲೆ ನೆಫ್ರಾನ್, ಅಂದರೆ ಮೂತ್ರಪಿಂಡದೊಳಗಿನ ಸೋಸುವ ಪುಟ್ಟ ಘಟಕ, ಬಿಡಿಸಿದರೆ ನೋಡುತ್ತಾ ಕೂರಬೇಕು. ಆದರೆ ವಿವರಣೆ ಪೂರ್ತಿ ಮಲಯಾಳಂ. ನಮಗೆ ಮೀನು ಕೊಳ್ಳುವಷ್ಟು ಮಲಯಾಳಂ ಬರುತ್ತಿತ್ತು, ಮೂತ್ರಪಿಂಡ ರಕ್ತ ಸೋಸುವಷ್ಟು ಬರುತ್ತಿರಲಿಲ್ಲ. ಪೆರ್ಲದ ಕಡೆಯಿಂದ ಬರುತ್ತಿದ್ದ ಕೆಲವರಿಗೆ ಮೀನಿನಷ್ಟೂ ಬರುತ್ತಿರಲಿಲ್ಲ. ಕ್ಲಾಸ್ ಟೆಸ್ಟಿನ ಉತ್ತರವನ್ನು ಸರ್ ಓದುವುದಾದರೂ ಹೇಗೆ? ಚಿತ್ರ ಸರಿ ಇದ್ದರೆ ಅಂಕ. ಹಾಗಾಗಿ ನಮ್ಮ ಡಿವಿಷನ್‌ನಲ್ಲಿ ಎಲ್ಲರೂ ಚೆನ್ನಾಗಿ ಚಿತ್ರ ಬಿಡಿಸುತ್ತೇವೆ!

ನೀನು ನೋಡಿದ ಆ ನೋಟ್ಸ್ ಶುರುವಾದದ್ದು ಆಗ. ಕ್ಲಾಸಿನಲ್ಲಿ ಕೇಳಿದ ಮಲಯಾಳಂ, ಎದುರಿಗಿರುವ ಕನ್ನಡ ಪುಸ್ತಕ, ಬೋರ್ಡಿನ ಮೇಲಿನ ಇಂಗ್ಲಿಷ್ ಹೆಸರುಗಳು, ಮೂರನ್ನೂ ಸೇರಿಸಿ ಸಂಜೆ ಒಂದು ಪುಟ ಮಾಡುತ್ತಿದ್ದೆ. ಇವತ್ತು ಏನಾಯಿತು, ಅಷ್ಟೇ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ನೆಫ್ರಾನ್. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಹೋಗುತ್ತದೆ, ಅದರಲ್ಲಿ ಬಹುಪಾಲು ಮತ್ತೆ ರಕ್ತಕ್ಕೇ ಸೇರುತ್ತದೆ, ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ ಲೀಟರ್ ಆಸುಪಾಸು. ಹೀಗೆ. ಪುಸ್ತಕದ ವಾಕ್ಯ ಎತ್ತಿ ಬರೆದರೆ ನಮ್ಮ ಪರೀಕ್ಷೆಗೆ ಉಪಯೋಗವೂ ಇಲ್ಲ. ಅಲ್ಲಿ ಫ್ಲೋಚಾರ್ಟ್ ಪೂರ್ತಿ ಮಾಡು, ಪದಜೋಡಿಯ ಸಂಬಂಧ ನೋಡು, ತಪ್ಪು ಇದ್ದರೆ ತಿದ್ದು ಅಂತ ಕೇಳುತ್ತಾರೆ. 40 ಅಂಕ, ಒಂದೂವರೆ ಗಂಟೆ. ಅದಕ್ಕೂ ಮೊದಲು 15 ನಿಮಿಷ ಕೂಲ್ ಆಫ್ ಟೈಮ್. ಪ್ರಶ್ನೆ ಓದಬಹುದು, ಬರೆಯುವಂತಿಲ್ಲ. ನಿಮಗೆ ಅದೂ ಹೊಸತು ಅಲ್ವಾ?

ನನ್ನ ಪುಟಗಳು ಜೆರಾಕ್ಸ್ ಆಗಿ ಪಕ್ಕದ ಶಾಲೆಗೂ ಹೋದವು. ಹತ್ತನೇ ತರಗತಿಗೆ ಬಂದಾಗ ಸರ್ ಕೂಡ ಒಂದು ಸೆಟ್ ಕೇಳಿ ಇಸಕೊಂಡರು, ಯಾವ ಪಾಠಕ್ಕೆ ನಾವು ಏನು ಬರೆಯುತ್ತೇವೆ ಅಂತ ಗೊತ್ತಾಗಲಿ ಎಂದು. ಕೊಟ್ಟಾಗ ಹೆಮ್ಮೆ ಆದದ್ದು ನಿಜ. ಮನೆಗೆ ಬಂದ ಮೇಲೆ ಸಿಟ್ಟೂ ಬಂತು. ನಾನು ಕಲಿಯಲು ಹೋದವನು. ಅಲ್ಲಿ ಭಾಷಾ ಅಲ್ಪಸಂಖ್ಯಾತ, ಇಲ್ಲಿ ನಿಮ್ಮ ಕಾಲೇಜಿಗೆ ಬಂದರೆ "ಓ, ಮಲಯಾಳಿನಾ?" ಗೋವಿಂದ ಪೈ ಮಂಜೇಶ್ವರದವರು ಅಂತ ನಿಮ್ಮ ಪಾಠದಲ್ಲಿ ಓದುತ್ತೀರಿ, ಆ ಮಂಜೇಶ್ವರ ಎಲ್ಲಿದೆ ಅಂತ ಒಬ್ಬರೂ ನಕ್ಷೆ ತೆಗೆದು ನೋಡುವುದಿಲ್ಲ. ಪ್ರತಿ ವರ್ಷ ನವೆಂಬರ್ 1ಕ್ಕೆ ನೀವು ಬಾವುಟ ಹಾರಿಸುತ್ತೀರಿ. ಅವತ್ತು ನಮ್ಮ ಶಾಲೆಯಲ್ಲೂ ಹಬ್ಬವೇ, ಕೇರಳಪ್ಪಿರವಿ, ಅಂದರೆ ಕೇರಳ ಹುಟ್ಟಿದ ದಿನ.

ಈಗ ಆ ನೋಟ್ಸಿಗೂ ವಯಸ್ಸಾಯಿತು. 2025ರಲ್ಲಿ ಕೇರಳದ ಹತ್ತನೇ ತರಗತಿಗೆ ಹೊಸ ಪುಸ್ತಕ ಬಂದಿದೆ. ಯಾರಾದರೂ ಮತ್ತೆ ಮೊದಲಿಂದ ಬರೆಯುತ್ತಿರಬಹುದು.

ನಿನ್ನ ತಂಗಿಗೆ ಕಳುಹಿಸು ಅಂದೆಯಲ್ಲ, ಮೆಂಡೆಲ್‌ನ ಬಟಾಣಿ ಗಿಡದ ಪುಟಗಳನ್ನು ಕಳುಹಿಸುತ್ತೇನೆ. ಎರಡನೇ ಪೀಳಿಗೆಯಲ್ಲಿ ಎತ್ತರ ಮೂರು, ಗಿಡ್ಡ ಒಂದು, ಆ ಲೆಕ್ಕ ಎರಡೂ ರಾಜ್ಯದಲ್ಲಿ ಒಂದೇ. ಕಣ್ಣಿನ ಪಾಠವನ್ನು ಮಾತ್ರ ಅವಳು ತನ್ನ ಭೌತಶಾಸ್ತ್ರ ಟೀಚರ್ ಹತ್ತಿರವೇ ಕೇಳಲಿ.